ಯಾರನ್ನು ನಂಬಿ ತಿನ್ನುವುದು?

ಬೆಂಗಳೂರಿನ ನಾಗರಬಾವಿಯಿಂದ ಓದುಗರೊಬ್ಬರು ಬರೆದ ಪತ್ರದ ಒಂದು ಭಾಗ ಇದು:

‘ಮಗಳಿಗೆ ನಾಲ್ಕು ವರ್ಷ. ಫಾರಂ ಕೋಳಿಗೆ ಹಾರ್ಮೋನು ಚುಚ್ಚುತ್ತಾರೆಂದು ಕೋಳಿ ಬಿಟ್ಟೆವು. ರೈಲಿನಲ್ಲಿ ನಾಯಿ ಮಾಂಸ ಬಂತೆಂಬ ಸುದ್ದಿ ಕೇಳಿದ ಮೇಲೆ ನಮ್ಮ ಮನೆಯವರಿಗೆ ಮಟನ್ ತರಲು ಮನಸ್ಸೇ ಇಲ್ಲ. ಸೊಪ್ಪಿಗೆ ಮೋರಿ ನೀರು ಅನ್ನುತ್ತಾರೆ. ಸಾವಯವ ಅಂಗಡಿಯಲ್ಲಿ ಎರಡರಷ್ಟು ದುಡ್ಡು ಕೊಟ್ಟು ತರುತ್ತಿದ್ದೇನೆ, ಅದೂ ನಿಜವೋ ಸುಳ್ಳೋ ಗೊತ್ತಿಲ್ಲ. ಎಲ್ಲವನ್ನೂ ತಾರಸಿಯಲ್ಲೇ ಬೆಳೆದುಕೊಂಡುಬಿಡೋಣ ಅನ್ನಿಸುತ್ತಿದೆ. ಯಾರನ್ನು ನಂಬಿ ತಿನ್ನುವುದು, ನೀವೇ ಹೇಳಿ.’

ಪ್ರಿಯ ಸೋದರಿ,

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಕೇಳಿದ ಪ್ರಶ್ನೆಗೆ ಮುಖ ಕೊಟ್ಟು ಉತ್ತರ ಹೇಳುವವರ ಹತ್ತಿರ ಕೊಳ್ಳಿ. ನಾಳೆಯೂ ಅದೇ ಜಾಗದಲ್ಲಿ ಸಿಗುವವರ ಹತ್ತಿರ ಕೊಳ್ಳಿ. ಲೇಬಲ್, ಮೊಹರು, ಪ್ರಮಾಣಪತ್ರ ಎಲ್ಲವೂ ಬೇಕು, ಆದರೆ ಅವು ಬರುವುದು ಇದಾದ ಮೇಲೆ. ನಿಮ್ಮ ಪತ್ರದಲ್ಲಿರುವ ಭಯಗಳಲ್ಲಿ ಕೆಲವು ನಿಜ, ಕೆಲವು ಗಾಳಿಮಾತು. ಎರಡೂ ಸೇರಿಕೊಂಡು ಬೆಳೆಯುವ ಮಗುವಿನ ತಟ್ಟೆಯಿಂದ ಒಂದೊಂದೇ ಪದಾರ್ಥವನ್ನು ತೆಗೆಯುತ್ತಿವೆ. ಅದು ನನಗೆ ಕಲಬೆರಕೆಗಿಂತ ಹೆಚ್ಚು ಚಿಂತೆ ತಂದಿತು. ಆದ್ದರಿಂದ ಒಂದೊಂದಾಗಿ ನೋಡೋಣ.

ಹಾರ್ಮೋನಿನ ಮಾತನ್ನು ತಲೆಯಿಂದ ತೆಗೆದುಹಾಕಿ. ಬೆಳವಣಿಗೆಯ ಹಾರ್ಮೋನು ಒಂದು ಪ್ರೋಟೀನು. ಮೇವಿನಲ್ಲಿ ಬೆರೆಸಿ ಕೊಟ್ಟರೆ ಕೋಳಿಯ ಹೊಟ್ಟೆಯಲ್ಲೇ ಜೀರ್ಣವಾಗಿ ಹೋಗುತ್ತದೆ. ಚುಚ್ಚಬೇಕೆಂದರೆ ಶೆಡ್ಡಿನಲ್ಲಿರುವ ಸಾವಿರಾರು ಕೋಳಿಗಳನ್ನು ಒಂದೊಂದಾಗಿ ಹಿಡಿದು, ಮತ್ತೆ ಮತ್ತೆ ಚುಚ್ಚಬೇಕು. ಕಿಲೋಗೆ ಇಷ್ಟೇ ಎಂದು ಲಾಭ ಎಣಿಸುವ ಸಾಕಣೆದಾರ ಆ ಕೆಲಸಕ್ಕೂ ಆ ಖರ್ಚಿಗೂ ಕೈ ಹಾಕುವುದಿಲ್ಲ. ಬ್ರಾಯ್ಲರ್ ಕೋಳಿ 40 ದಿನದ ಆಸುಪಾಸಿನಲ್ಲಿ ಎರಡು ಕಿಲೋ ತೂಗುವುದು ದಶಕಗಳ ತಳಿ ಆಯ್ಕೆಯಿಂದ, ಲೆಕ್ಕ ಹಾಕಿ ಕೊಡುವ ಮೇವಿನಿಂದ.

ಕೇಳಬೇಕಾದ ಪ್ರಶ್ನೆ ಬೇರೆಯಿದೆ, ಅದು ಆ್ಯಂಟಿಬಯಾಟಿಕ್‌ನದು. ರೋಗ ಬಂದಾಗ ಕೊಡುವುದು ಚಿಕಿತ್ಸೆ. ರೋಗವೇ ಇಲ್ಲದೆ, ಬೇಗ ಮೈದುಂಬಲಿ ಎಂದು ಮೇವಿನಲ್ಲೋ ನೀರಿನಲ್ಲೋ ದಿನವೂ ಕೊಡುವುದು ಅಪಾಯ. ಹಾಗೆ ಕೊಟ್ಟಾಗ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಹುಟ್ಟುತ್ತವೆ, ಕಡೆಗೆ ಆಸ್ಪತ್ರೆಯಲ್ಲಿ ಮನುಷ್ಯರಿಗೆ ಔಷಧ ನಾಟುವುದಿಲ್ಲ. ಬೇರೆ ಯಾವುದೂ ನಾಟದಾಗ ವೈದ್ಯರು ಕೈಗೆತ್ತಿಕೊಳ್ಳುವ ಕೊಲಿಸ್ಟಿನ್ ಎಂಬ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡಬಾರದೆಂದು ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿದ್ದು ಇದೇ ಕಾರಣಕ್ಕೆ. ಕೋಳಿ ಅಂಗಡಿಯವರಿಗೆ ಇದೆಲ್ಲ ಗೊತ್ತಿರಬೇಕೆಂದಿಲ್ಲ. ಆದರೆ ಕೋಳಿ ಯಾವ ಫಾರಂನಿಂದ ಬರುತ್ತದೆ ಎಂಬುದು ಅವರಿಗೆ ಗೊತ್ತಿರಲೇಬೇಕು. ಅದನ್ನು ಕೇಳಿ.

ಇನ್ನು ಕೋಳಿಯಿಂದ ಮಗುವಿಗೆ ನಿಜವಾಗಿ ಅಪಾಯ ಬರುವ ಜಾಗ ನಿಮ್ಮ ಅಡುಗೆಮನೆ. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಇರಬಹುದು. ಚೆನ್ನಾಗಿ ಬೇಯಿಸಿದರೆ ಸಾಯುತ್ತವೆ. ಉಪ್ಪು, ಅರಿಶಿನ ಹಚ್ಚಿ ತೊಳೆದ ಮಾತ್ರಕ್ಕೆ ಸಾಯುವುದಿಲ್ಲ. ನಲ್ಲಿಯ ಕೆಳಗೆ ಜೋರಾಗಿ ತೊಳೆದಾಗ ನೀರಿನ ಹನಿಗಳು ಪಕ್ಕದ ಪಾತ್ರೆಗೆ, ಒಣಗಲು ಇಟ್ಟ ತಟ್ಟೆಗೆ ಸಿಡಿಯುತ್ತವೆ. ತೊಳೆಯಲೇಬೇಕೆನ್ನಿಸಿದರೆ ಅಗಲವಾದ ಪಾತ್ರೆಯಲ್ಲಿ ನೀರು ತುಂಬಿಕೊಂಡು ಮೆಲ್ಲಗೆ ತೊಳೆಯಿರಿ. ಕೋಳಿ ಹೆಚ್ಚಿದ ಹಲಗೆಯ ಮೇಲೆ ಅದೇ ಚಾಕುವಿನಿಂದ ಕೋಸಂಬರಿಗೆ ಸೌತೆಕಾಯಿ ಹೆಚ್ಚಬೇಡಿ. ಊರಿನ ಎಲ್ಲ ಗಾಳಿಮಾತಿಗಿಂತ ಈ ಒಂದು ಎಚ್ಚರ ನಿಮ್ಮ ಮಗಳನ್ನು ಹೆಚ್ಚು ಕಾಪಾಡುತ್ತದೆ.

ನಾಟಿ ಕೋಳಿಗೆ ಹೆಚ್ಚು ದುಡ್ಡು ಕೊಡುವ ಮುಂಚೆ ಒಂದು ಮಾತು. ಬಣ್ಣದ ಪುಕ್ಕ ಇದ್ದದ್ದೆಲ್ಲ ನಾಟಿಯಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಅಭಿವೃದ್ಧಿಪಡಿಸಿದ ಗಿರಿರಾಜ ಹಿತ್ತಲಲ್ಲಿ ಸಾಕಲು ಒಳ್ಳೆಯ ಕೋಳಿ, ಅದನ್ನು ತಿನ್ನುವುದರಲ್ಲಿ ಏನೂ ತಪ್ಪಿಲ್ಲ. ಗಿರಿರಾಜವನ್ನೋ ಬೇರೆ ಬಣ್ಣದ ಮಿಶ್ರತಳಿಯನ್ನೋ ನಾಟಿ ಎಂದು ಹೇಳಿ ನಾಟಿಯ ಬೆಲೆ ಕೇಳಿದರೆ ಅದು ತಪ್ಪು.

ಈಗ ಮಟನ್. 2024ರ ಜುಲೈನಲ್ಲಿ ರಾಜಸ್ಥಾನದಿಂದ ರೈಲಿನಲ್ಲಿ ಬೆಂಗಳೂರಿಗೆ ಬಂದ ಮಾಂಸದ ಪೆಟ್ಟಿಗೆಗಳ ಸುತ್ತ ದೊಡ್ಡ ಗದ್ದಲವಾಯಿತು. ಮಾದರಿಯನ್ನು ಹೈದರಾಬಾದಿನ ರಾಷ್ಟ್ರೀಯ ಮಾಂಸ ಸಂಶೋಧನಾ ಸಂಸ್ಥೆಗೆ ಕಳಿಸಿದರು. ಅದು ಕುರಿ ಮಾಂಸವೇ ಎಂದು ವರದಿ ಬಂತು. ಗದ್ದಲ ಮನೆಮನೆ ಮುಟ್ಟಿತು, ವರದಿ ಅಷ್ಟು ದೂರ ಹೋಗಲಿಲ್ಲ. ನಿಮ್ಮ ಮನೆಯವರಿಗೂ ತಲುಪಿಲ್ಲ. ಆ ಗಲಾಟೆಯಲ್ಲಿ ಯಾರೂ ಗಟ್ಟಿಯಾಗಿ ಕೇಳದ ಪ್ರಶ್ನೆಯೊಂದು ನನ್ನನ್ನು ಇನ್ನೂ ಕೊರೆಯುತ್ತದೆ. ಅಷ್ಟು ದೂರ ಬರುವ ಮಾಂಸ ದಾರಿಯುದ್ದಕ್ಕೂ ಎಷ್ಟು ತಣ್ಣಗಿರುತ್ತದೆ? ಕೊಯ್ದದ್ದು ಯಾವಾಗ, ಐಸ್ ಬದಲಿಸಿದ್ದು ಎಲ್ಲಿ, ಪಶುವೈದ್ಯರು ನೋಡಿದ್ದಾರೋ ಇಲ್ಲವೋ? ಹೊಟ್ಟೆ ಕೆಡಿಸುವುದು ಇವು.

ನಿಮ್ಮ ಬೀದಿಯ ಮಟನ್ ಅಂಗಡಿಗೆ ಬೆಳಿಗ್ಗೆಯೇ ಹೋಗಿ. ಕಸಾಯಿಖಾನೆಯಲ್ಲಿ ಕೊಯ್ಯುವ ಮುಂಚೆಯೂ ಕೊಯ್ದ ಮೇಲೂ ಪಶುವೈದ್ಯರು ಪರೀಕ್ಷಿಸಿ, ಮಾಂಸದ ಮೇಲೆ ಮುದ್ರೆ ಒತ್ತಬೇಕು. ಆ ಮುದ್ರೆ ಎಲ್ಲಿದೆ ತೋರಿಸಿ ಅನ್ನಿ. ತೂಗುಹಾಕಿದ ಇಡೀ ದೇಹವನ್ನು ನೋಡಿ ಕೊಳ್ಳಿ, ಮೊದಲೇ ಕತ್ತರಿಸಿಟ್ಟ ತುಂಡುಗಳನ್ನಲ್ಲ. ಎಷ್ಟೋ ಕಡೆ ಬಾಲವನ್ನು ಕೂದಲ ಸಮೇತ ಹಾಗೇ ಬಿಟ್ಟಿರುತ್ತಾರೆ, ಕುರಿಯೋ ಮೇಕೆಯೋ ಗಿರಾಕಿಗೆ ಗೊತ್ತಾಗಲಿ ಎಂದು. ಕುರಿಗೆ ಚರ್ಮದಡಿ ಬಿಳಿ ಕೊಬ್ಬು ಪದರವಾಗಿ ಕೂತಿರುತ್ತದೆ, ಮೇಕೆಗೆ ಅಷ್ಟಿರುವುದಿಲ್ಲ. ಬೆರಳಿನಿಂದ ಒತ್ತಿದರೆ ಮಾಂಸ ಮತ್ತೆ ಮೇಲೇಳಬೇಕು, ಕೈಗೆ ಅಂಟಬಾರದು. ಕೈಮಾ ಬೇಕಿದ್ದರೆ ತುಂಡನ್ನು ನೀವೇ ಆರಿಸಿ, ನಿಮ್ಮೆದುರಿಗೇ ಮಾಡಿಸಿ. ಕೈಮಾ ಮಾಡಿದಾಗ ಹೊರಮೈಯ ಕೊಳೆಯೆಲ್ಲ ಒಳಗೆ ಬೆರೆಯುತ್ತದೆ. ಮೊದಲೇ ಮಾಡಿ ರಾಶಿ ಹಾಕಿದ್ದನ್ನು ಯಾವ ಅಂಗಡಿಯಲ್ಲೂ ಕೊಳ್ಳಬೇಡಿ. ಕತ್ತಿ ಒರೆಸುವ ಬಟ್ಟೆಯನ್ನೂ ಒಮ್ಮೆ ನೋಡಿ. ಅಂಗಡಿಯ ಶಿಸ್ತು ಆ ಬಟ್ಟೆಯಲ್ಲೇ ಗೊತ್ತಾಗುತ್ತದೆ.

ಮಂಡ್ಯ, ರಾಮನಗರದ ಹಳ್ಳಿಗಳಲ್ಲಿ ಗುಡ್ಡೆ ಮಾಂಸದ ಪದ್ಧತಿ ಇದೆ, ನಿಮಗೂ ಗೊತ್ತಿರಬಹುದು. ಯುಗಾದಿಯ ಮರುದಿನ ಹೊಸತೊಡಕಿಗೆ ಹತ್ತಾರು ಮನೆಯವರು ದುಡ್ಡು ಕೂಡಿಸಿ ಕುರಿ ತರುತ್ತಾರೆ. ಕೆಲವೆಡೆ ಅದಕ್ಕೆಂದೇ ವರ್ಷವಿಡೀ ಚೀಟಿ ಕಟ್ಟುತ್ತಾರೆ. ಕುರಿಯನ್ನು ಬದುಕಿದ್ದಾಗಲೇ ಎಲ್ಲರೂ ನೋಡಿರುತ್ತಾರೆ, ಹಲ್ಲು ಹಿಡಿದು ವಯಸ್ಸು ಹೇಳುವವರು ಅಲ್ಲೇ ಇರುತ್ತಾರೆ. ಆಮೇಲೆ ಎಲೆ ಹಾಸಿ ಗುಡ್ಡೆ ಮಾಡುತ್ತಾರೆ. ಪ್ರತಿ ಗುಡ್ಡೆಗೂ ಒಂದಿಷ್ಟು ತೊಡೆ, ಒಂದಿಷ್ಟು ಪಕ್ಕೆಲುಬು, ಒಂದು ತುಣುಕು ಲಿವರ್, ಒಂದು ಚೂರು ಕೊಬ್ಬು. ಇವರ ಗುಡ್ಡೆಯಲ್ಲಿ ಮೂಳೆ ಹೆಚ್ಚಾಯಿತೆಂದು ಯಾರೋ ಕೂಗಿದರೆ ಅಲ್ಲೇ ಸರಿ ಮಾಡುತ್ತಾರೆ. ಅಲ್ಲಿ ಲೇಬಲ್ ಇಲ್ಲ, ಆದರೂ ಯಾರಿಗೂ ಅನುಮಾನವಿಲ್ಲ, ಯಾಕೆಂದರೆ ಎಲ್ಲವೂ ಎಲ್ಲರ ಕಣ್ಣೆದುರೇ ಆಗಿದೆ. ನಗರದ ಬೀದಿಯಲ್ಲಿ ಹಾಗೆ ಕೊಯ್ಯುವಂತಿಲ್ಲ, ಕೊಯ್ಯಲೂ ಬಾರದು. ಆದರೆ ನಿಮ್ಮ ಬೀದಿಯ ನಾಲ್ಕೈದು ಮನೆಯವರು ಸೇರಿ ಅಂಗಡಿಯವರಿಗೆ ಹಿಂದಿನ ದಿನವೇ ಹೇಳಿ, ಮುದ್ರೆ ಬಿದ್ದ ಒಂದು ಇಡೀ ಕುರಿಯನ್ನು ಹಂಚಿಕೊಳ್ಳಬಹುದು. ನಾಲ್ಕು ಮನೆ ಒಟ್ಟಾಗಿ ಬಂದರೆ ಅಂಗಡಿಯವರೂ ಎಚ್ಚರದಿಂದಿರುತ್ತಾರೆ.

ಮೀನಿನ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವುದಿಲ್ಲ. ಆಗ ಮಾರುಕಟ್ಟೆಗೆ ಬರುವ ಸಮುದ್ರ ಮೀನಿನಲ್ಲಿ ಹೆಚ್ಚಿನದು ದೂರದ್ದು. ಕೆಡದಿರಲೆಂದು ಫಾರ್ಮಲಿನ್ ಎಂಬ ವಿಷಕಾರಿ ರಾಸಾಯನಿಕ ಹಾಕಿದ ಮೀನನ್ನು 2018ರಲ್ಲಿ ಕೇರಳದಲ್ಲಿ ಅಧಿಕಾರಿಗಳು ವಶಪಡಿಸಿಕೊಂಡದ್ದು ನೆನಪಿರಲಿ. ಆ ಎರಡು ತಿಂಗಳು ಕೆರೆ ಮೀನು ಒಳ್ಳೆಯದು. ಕಿವಿರು ಕೆಂಪಗೆ, ಕಣ್ಣು ಉಬ್ಬಿ ಹೊಳೆಯುತ್ತಿರಬೇಕು.

ತರಕಾರಿಯ ವಿಷಯದಲ್ಲಿ ಮಾತ್ರ ನಿಮ್ಮ ಭಯಕ್ಕೆ ಆಧಾರವಿದೆ. ವೃಷಭಾವತಿ ನದಿ ನಿಮ್ಮ ಮನೆಗೆ ದೂರವೇನಲ್ಲ. ನಗರದ ಮೋರಿ ನೀರನ್ನೂ ಕಾರ್ಖಾನೆಗಳ ಹೊಲಸನ್ನೂ ಹೊತ್ತು ಅದು ಬೈರಮಂಗಲ ಕೆರೆಗೆ ಹೋಗುತ್ತದೆ. ಆ ನೀರಿನಲ್ಲಿ ಬೆಳೆದ ಬೆಳೆಗಳಲ್ಲಿ ಭಾರ ಲೋಹಗಳಿರುವುದನ್ನು ವಿಜ್ಞಾನಿಗಳು ವರ್ಷಗಳಿಂದ ಹೇಳುತ್ತಲೇ ಬಂದಿದ್ದಾರೆ. ಸೀಸ, ಕ್ಯಾಡ್ಮಿಯಂ ಬೇರಿನಿಂದ ಹೀರಿ ಬರುವಂಥವು, ಎಷ್ಟು ತೊಳೆದರೂ ಹೋಗುವುದಿಲ್ಲ. ಕಾಯಿಗಳಿಗಿಂತ ಸೊಪ್ಪಿನಲ್ಲಿ ಹೆಚ್ಚು ಸೇರುತ್ತವೆ. ಇದರಲ್ಲಿ ಅಲ್ಲಿನ ರೈತರನ್ನು ದೂರುವುದು ಅನ್ಯಾಯ. ಅವರ ಹೊಲಕ್ಕೆ ಹೊಲಸು ಕಳಿಸಿದವರು ನಾವು, ಬೆಂಗಳೂರಿನವರು. ಬೇರೆ ನೀರು ಕೊಡಿ ಎಂದು ಅವರು ಕೇಳುತ್ತಲೇ ಇದ್ದಾರೆ.

ನೀವು ಮಾಡಬಹುದಾದದ್ದು ಸೊಪ್ಪು ಮಾರುವವರನ್ನು ಕೇಳುವುದು. ಯಾವ ಊರಿನ ಸೊಪ್ಪು, ಯಾವ ನೀರು? ಕೇಳಿದ ಮೊದಲ ದಿನ ಅವರಿಗೆ ಆಶ್ಚರ್ಯವಾಗಬಹುದು. ನಾಲ್ಕು ಜನ ಕೇಳತೊಡಗಿದರೆ ಉತ್ತರ ಸಿದ್ಧವಾಗುತ್ತದೆ, ಮೆಲ್ಲಗೆ ಮಾಲೂ ಬದಲಾಗುತ್ತದೆ. ತೋಟಗಾರಿಕೆ ತಜ್ಞ ಡಾ. ಎಂ.ಎಚ್. ಮರಿಗೌಡರ ಮುತುವರ್ಜಿಯಿಂದ 1959ರಲ್ಲಿ ಶುರುವಾದ ಹಾಪ್‌ಕಾಮ್ಸ್ ರೈತರಿಂದ ನೇರವಾಗಿ ಕೊಂಡು ಮಾರುವ ಸಹಕಾರ ಸಂಘ. ಅಲ್ಲಿಯ ತರಕಾರಿಗೆ ವಿಷ ಹೊಡೆದಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಮಾಲು ಎಲ್ಲಿಂದ ಬಂತೆಂದು ಕೇಳಿದರೆ ದಾರಿ ಹಿಡಿದು ಹಿಂದಕ್ಕೆ ಹೋಗಲು ಅಲ್ಲಿ ಸಾಧ್ಯವಿದೆ. ಕೀಟನಾಶಕದಲ್ಲಿ ಮೇಲೆ ಕೂತದ್ದು ಉಪ್ಪು ನೀರಿನಲ್ಲಿ ನೆನೆಸಿ, ಹರಿಯುವ ನೀರಿನಲ್ಲಿ ಉಜ್ಜಿ ತೊಳೆದರೆ ಬಹಳಷ್ಟು ಹೋಗುತ್ತದೆ. ಎಲೆಕೋಸಿನ ಹೊರ ಎಲೆಗಳನ್ನು ಬಿಸಾಡಿ. ಗಿಡದ ಒಳಗೇ ಹರಿಯುವ ಔಷಧಗಳಿಗೆ ತೊಳೆಯುವುದು ಪರಿಹಾರವಲ್ಲ. ಔಷಧ ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕೊಯ್ದರು ಎಂಬುದೇ ಅಲ್ಲಿ ಎಲ್ಲ.

ಸಾವಯವ ಅಂಗಡಿಯ ಪ್ರಶ್ನೆ. ಪೊಟ್ಟಣದ ಮೇಲೆ ‘ಜೈವಿಕ್ ಭಾರತ್’ ಚಿಹ್ನೆ ಇದೆಯೇ ನೋಡಿ. ಅದರ ಹಿಂದೆ ಎರಡು ವ್ಯವಸ್ಥೆಗಳಿವೆ. ಒಂದು, ಸಂಸ್ಥೆಗಳು ತಪಾಸಣೆ ಮಾಡಿ ಕೊಡುವ ಎನ್‌ಪಿಒಪಿ ಪ್ರಮಾಣಪತ್ರ. ಇನ್ನೊಂದು, ಅಕ್ಕಪಕ್ಕದ ರೈತರೇ ಗುಂಪು ಕಟ್ಟಿಕೊಂಡು ಒಬ್ಬರ ಹೊಲವನ್ನು ಒಬ್ಬರು ಪರೀಕ್ಷಿಸುವ ಪಿಜಿಎಸ್. ‘ನ್ಯಾಚುರಲ್’, ‘ಫಾರಂ ಫ್ರೆಶ್’ ಎಂಬ ಮಾತುಗಳು ಸಾವಯವದ ಪ್ರಮಾಣಪತ್ರವಲ್ಲ, ಅವಕ್ಕಾಗಿ ಎರಡರಷ್ಟು ದುಡ್ಡು ಕೊಡಬೇಡಿ. ಸಣ್ಣ ರೈತ ತಾನು ಬೆಳೆದದ್ದನ್ನು ತಾನೇ ಮಾರುವಾಗ ಈ ಪ್ರಮಾಣಪತ್ರ ಕಡ್ಡಾಯವಲ್ಲ. ಅಂಥವರ ಹೊಲಕ್ಕೆ ಒಂದು ಭಾನುವಾರ ಮಗಳನ್ನೂ ಕರೆದುಕೊಂಡು ಹೋಗಿ ಬನ್ನಿ. ಬನ್ನಿ ನೋಡಿ ಎನ್ನುವವರ ಹತ್ತಿರ ಕೊಳ್ಳಿ, ಇವತ್ತು ಬೇಡ ನಾಳೆ ಬೇಡ ಎನ್ನುವವರನ್ನು ಬಿಡಿ.

ತಾರಸಿಗೆ ಬರೋಣ. ಎಲ್ಲವನ್ನೂ ಬೆಳೆಯುವ ಆಸೆ ಬಿಟ್ಟುಬಿಡಿ. ಈರುಳ್ಳಿ, ಆಲೂಗಡ್ಡೆ, ಬೇಳೆ ರೈತರಿಗಿರಲಿ. ಹಸಿಯಾಗಿ ತಿನ್ನುವುದನ್ನು, ಬೇಗ ಬಾಡುವುದನ್ನು, ಹೆಚ್ಚು ಔಷಧ ಹೊಡೆಸಿಕೊಳ್ಳುವುದನ್ನು ಮಾತ್ರ ನೀವು ಬೆಳೆಯಿರಿ. ನನ್ನನ್ನು ಕೇಳಿದರೆ ಮೊದಲ ಕುಂಡ ಕರಿಬೇವಿಗೆ. ಔಷಧದ ಉಳಿಕೆಗಾಗಿ ಐರೋಪ್ಯ ಒಕ್ಕೂಟ ಭಾರತದ ಕರಿಬೇವಿಗೇ ವಿಶೇಷ ತಪಾಸಣೆ ಹೇರಿತ್ತು, ನಾವೋ ದಿನವೂ ಒಗ್ಗರಣೆಗೆ ಹಾಕುತ್ತೇವೆ. ಆಮೇಲೆ ಕೊತ್ತಂಬರಿ, ಪುದೀನ, ಮೆಂತ್ಯ, ದೊಡ್ಡಪತ್ರೆ, ಹರಿವೆ, ಒಂದು ಬಸಳೆ ಬಳ್ಳಿ. ಮೆಂತ್ಯ, ಹರಿವೆ ಬಿತ್ತಿದ ನಾಲ್ಕು ವಾರದೊಳಗೆ ಸಾರಿಗೆ ಬರುತ್ತವೆ. ಆರು ತಾಸು ಬಿಸಿಲು ಬೀಳುವ ಮೂಲೆಯಿದ್ದರೆ ಬೆಂಡೆ, ಟೊಮೆಟೊ ಹಾಕಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆ, ಅರ್ಕಾ ರಕ್ಷಕ್ ಟೊಮೆಟೊ ರೋಗ ತಡೆಯುವ ತಳಿಗಳೆಂದೇ ಬಂದವು.

ಮನೆಯಲ್ಲಿ ಬೆಳೆದದ್ದು ತಾನಾಗಿಯೇ ಶುದ್ಧವಾಗಿಬಿಡುವುದಿಲ್ಲ. ತಾರಸಿಗೂ ಅದೇ ಪ್ರಶ್ನೆಗಳನ್ನು ಕೇಳಬೇಕು. ಮಣ್ಣು ಎಲ್ಲಿಯದು? ರಸ್ತೆ ಬದಿಯದೂ ಕಟ್ಟಡ ಕೆಡವಿದ ಜಾಗದ್ದೂ ಬೇಡ, ಹಳೆ ಬಣ್ಣದ ಸೀಸ ಅದರಲ್ಲಿರಬಹುದು. ಕುಂಡ ಯಾವುದು? ಪೇಂಟ್ ಡಬ್ಬಿ, ರಾಸಾಯನಿಕ ತುಂಬಿದ್ದ ಡ್ರಮ್ಮು ಬೇಡವೇ ಬೇಡ. ನೀರು ಯಾವುದು? ಅಪಾರ್ಟ್‌ಮೆಂಟಿನ ಶುದ್ಧೀಕರಣ ಘಟಕದ ನೀರನ್ನು ಹೂವಿನ ಗಿಡಕ್ಕೆ ಹಾಕಿ, ಕೊತ್ತಂಬರಿಗಲ್ಲ. ಸಗಣಿ ಗೊಬ್ಬರ ಚೆನ್ನಾಗಿ ಕಳಿತಿರಬೇಕು, ಹಸಿ ಸಗಣಿಯಲ್ಲಿ ರೋಗಾಣುಗಳಿರುತ್ತವೆ. ತೊಯ್ದ ಮಣ್ಣು ಒಂದು ಘನ ಅಡಿಗೆ 40 ಕಿಲೋಗೂ ಮೀರಿ ತೂಗುತ್ತದೆ. ಆದ್ದರಿಂದ ಬರೀ ಮಣ್ಣು ತುಂಬದೆ ಕೆಮ್ಮಣ್ಣು, ಎರೆಗೊಬ್ಬರ, ತೊಳೆದ ತೆಂಗಿನ ನಾರಿನ ಪುಡಿ ಸಮಸಮ ಬೆರೆಸಿ. ಗಿಡಕ್ಕೆ ಹೇನು ಬಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಕರಗಲು ಚೂರು ಸೋಪು ಹಾಕಿ ಸಂಜೆ ಸಿಂಪಡಿಸಿ. ನರ್ಸರಿಯವರು ಹೆಸರಿಲ್ಲದ ಬಾಟಲಿಯಲ್ಲಿ ಕೊಡುವ ಔಷಧ ತರಬೇಡಿ. ಕೀಟನಾಶಕದ ಡಬ್ಬಿಯ ಮೇಲೆ ವಿಷದ ಮಟ್ಟ ಹೇಳುವ ಬಣ್ಣದ ತ್ರಿಕೋನ ಇರಲೇಬೇಕು. ಕೆಂಪು ಅತ್ಯಂತ ವಿಷಕಾರಿ, ಆಮೇಲೆ ಹಳದಿ, ನೀಲಿ, ಹಸಿರು.

ಇಷ್ಟೆಲ್ಲ ಹೇಳಿದರೂ ಪರೀಕ್ಷೆಯ ಭಾರವನ್ನು ಅಡುಗೆಮನೆಯ ಹೆಣ್ಣುಮಕ್ಕಳ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಅದು ಸರ್ಕಾರದ ಕೆಲಸ, ಮನಸ್ಸು ಮಾಡಿದಾಗ ಸರ್ಕಾರ ಮಾಡಿಯೂ ತೋರಿಸಿದೆ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ಬಣ್ಣದ ಬಾಂಬೆ ಮಿಠಾಯಿಯನ್ನೂ, ಜೂನ್‌ನಲ್ಲಿ ಕಬಾಬಿನ ಕೃತಕ ಬಣ್ಣವನ್ನೂ ರಾಜ್ಯ ನಿಷೇಧಿಸಿದ್ದು ಮಾದರಿಗಳನ್ನು ಪರೀಕ್ಷಿಸಿದ ಮೇಲೆಯೇ. ನಿಮ್ಮ ಕೈಯಲ್ಲೂ ಒಂದು ಅಧಿಕಾರವಿದೆ, ಹೆಚ್ಚಿನವರಿಗೆ ಅದು ತಿಳಿದಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಯಾವ ಗ್ರಾಹಕರೇ ಆಗಲಿ, ತಾವು ಕೊಂಡ ಪದಾರ್ಥವನ್ನು ಶುಲ್ಕ ಕಟ್ಟಿ ಸರ್ಕಾರಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಪರೀಕ್ಷೆಗೆ ಕೊಡುತ್ತೇನೆಂದು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಬೇಕು. ಪದಾರ್ಥ ಕಾಯ್ದೆಗೆ ವಿರುದ್ಧವಾಗಿದ್ದರೆ ಕಟ್ಟಿದ ಶುಲ್ಕ ವಾಪಸು ಬರುತ್ತದೆ. ಎರಡರಷ್ಟು ದುಡ್ಡು ಕೊಟ್ಟು ತರುವ ಆ ಸಾವಯವ ಅಂಗಡಿಯ ಪೊಟ್ಟಣದಿಂದಲೇ ಶುರು ಮಾಡಿ. ಬಿಲ್ ಕೇಳಿ ಪಡೆಯಿರಿ, ಆಹಾರ ಸುರಕ್ಷತಾ ಲೈಸೆನ್ಸಿನ 14 ಅಂಕಿಯ ಸಂಖ್ಯೆ ಪೊಟ್ಟಣದ ಮೇಲಿದೆಯೇ ನೋಡಿಕೊಳ್ಳಿ. ವರದಿ ಬಂದಾಗ ನಮಗೂ ಒಂದು ಪ್ರತಿ ಕಳಿಸಿ. ಕೆಟ್ಟದ್ದು ಬಂದರಷ್ಟೇ ಅಲ್ಲ, ಒಳ್ಳೆಯದು ಬಂದರೂ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.

ಇತಿ,
ಸಂಪಾದಕ