ಸ್ಪರಾಸೊಡಾಂಟ ಗಣ ಮಾರ್ಸುಪಿಯಲ್‌ಗಳಿಗೆ ಸೇರಿದ್ದೇ, ಅಲ್ಲವೇ?

ದಕ್ಷಿಣ ಅಮೆರಿಕದಲ್ಲಿ ಅಳಿದುಹೋದ ಸ್ಪರಾಸೊಡಾಂಟ ಎಂಬ ಮಾಂಸಾಹಾರಿ ಗಣವನ್ನು ಹಳೆಯ ಪುಸ್ತಕಗಳು ಮಾರ್ಸುಪಿಯಲ್ (ಸಾಮಾನ್ಯವಾಗಿ ಮರಿಯನ್ನು ಹೊಟ್ಟೆಚೀಲದಲ್ಲಿ ಬೆಳೆಸುವ ಸಸ್ತನಿ) ಎನ್ನುತ್ತವೆ, ಹೊಸ ಲೇಖನಗಳು ಮಾರ್ಸುಪಿಯಲ್‌ಗಳ ಬಂಧು ಎನ್ನುತ್ತವೆ. ಇವೆರಡರಲ್ಲಿ ಯಾವುದು ಸರಿ, ಉತ್ತರ ಅಮೆರಿಕದಿಂದ ಬಂದ ಕತ್ತಿಹಲ್ಲಿನ ಬೆಕ್ಕುಗಳೇ ಇವುಗಳನ್ನು ಅಳಿಸಿದವೇ ಎಂದು ತಾವು ಕೇಳಿದ್ದೀರಿ. ಈ ಪ್ರಾಣಿಗಳ ಬಗ್ಗೆ ನಾನು ಹಲವು ವರ್ಷಗಳಿಂದ ಆಸಕ್ತಿಯಿಂದ ಓದುತ್ತ ಬಂದಿದ್ದೇನೆ. ನನ್ನ ತಿಳಿವಳಿಕೆಯಂತೆ ಇಂದು ಒಪ್ಪಬೇಕಾದದ್ದು ಮಾರ್ಸುಪಿಯಲ್‌ಗಳ ಬಂಧು ಎಂಬ ಮಾತನ್ನೇ.

ಮೊದಲು ಪದಗಳ ವಿಷಯ. ಇಂದು ಜೀವಂತವಾಗಿರುವ ಕಾಂಗರೂ, ಕೋಲಾ, ಒಪೊಸಮ್ ಮೊದಲಾದವುಗಳ ಕಟ್ಟಕಡೆಯ ಸಾಮಾನ್ಯ ಪೂರ್ವಜ ಮತ್ತು ಅದರ ಎಲ್ಲ ಸಂತತಿಗೆ ಮಾರ್ಸುಪಿಯಾಲಿಯ ಎಂಬ ಹೆಸರನ್ನು ಈಗ ಮೀಸಲಿಡಲಾಗಿದೆ. ನಾಯಿ, ಬೆಕ್ಕು, ಮನುಷ್ಯರಂಥ ಜರಾಯು ಸಸ್ತನಿಗಳಿಗಿಂತ ಮಾರ್ಸುಪಿಯಲ್‌ಗಳಿಗೆ ಹೆಚ್ಚು ಹತ್ತಿರವಾದ ಎಲ್ಲ ಪ್ರಾಣಿಗಳನ್ನೂ, ಅಂದರೆ ಆ ಪೂರ್ವಜನಿಗಿಂತ ಮೊದಲೇ ಕವಲೊಡೆದು ಹೋದ ಶಾಖೆಗಳನ್ನೂ ಒಳಗೊಂಡ ದೊಡ್ಡ ಗುಂಪು ಮೆಟಥೀರಿಯ. ಈಚಿನ ಬಹುತೇಕ ವಿಶ್ಲೇಷಣೆಗಳಲ್ಲಿ ಸ್ಪರಾಸೊಡಾಂಟ ಗಣವು ಮೆಟಥೀರಿಯದ ಒಳಗೆ, ಆದರೆ ಮಾರ್ಸುಪಿಯಾಲಿಯದ ಹೊರಗೆ ನಿಲ್ಲುತ್ತದೆ. ಮಾರ್ಸುಪಿಯಲ್ ಎಂಬ ಪದವನ್ನು ವಿಶಾಲ ಅರ್ಥದಲ್ಲಿ ಬಳಸುತ್ತಿದ್ದ ಕಾಲದ ಲೇಖಕರು ಇವುಗಳನ್ನು ಹಾಗೆ ಕರೆದದ್ದನ್ನು ನಾನು ತಪ್ಪೆಂದು ಎಣಿಸುವುದಿಲ್ಲ. ಪದದ ಎಲ್ಲೆ ಆಮೇಲೆ ಕಿರಿದಾಯಿತು.

ಆದರೆ ಇದು ಕೇವಲ ಪದದ ಜಗಳವಾಗಿರಲಿಲ್ಲ. ಈ ಗಣಕ್ಕೆ 1894ರಲ್ಲಿ ಹೆಸರಿಟ್ಟ ಅರ್ಜೆಂಟೀನಾದ ಫ್ಲೊರೆಂಟಿನೊ ಅಮೆಗಿನೊ, ಇವುಗಳ ನಂಟನ್ನು ಕ್ರಿಯೊಡಾಂಟ್ ಎಂಬ ಪ್ರಾಚೀನ ಜರಾಯು ಮಾಂಸಾಹಾರಿಗಳೊಂದಿಗೆ ಬೆಸೆದಿದ್ದರು. 1906ರಲ್ಲಿ ಪಟಗೋನಿಯದ ಸಾಂತಾ ಕ್ರೂಸ್ ಪಳೆಯುಳಿಕೆಗಳನ್ನು ವಿವರಿಸಿದ ವಿಲಿಯಂ ಸಿಂಕ್ಲೇರ್ ಇವುಗಳನ್ನು ಆಸ್ಟ್ರೇಲಿಯದ ಟಾಸ್ಮೇನಿಯ ದ್ವೀಪದ ಥೈಲಸೀನ್, ಅಂದರೆ ಹೊಟ್ಟೆಚೀಲದ ತೋಳದ ಕುಟುಂಬಕ್ಕೇ ಸೇರಿಸಿದರು. ತಲೆಬುರುಡೆಯ ರೂಪವೂ, ಮಾಂಸ ಕತ್ತರಿಸಲು ಅಲಗಿನಂತಾದ ದವಡೆಹಲ್ಲುಗಳೂ ಅಷ್ಟು ಹೋಲುತ್ತಿದ್ದುದರಿಂದ ಆ ತೀರ್ಮಾನ ಅಂದಿಗೆ ಸಹಜವೇ ಆಗಿತ್ತು. ಮುಂದೆ ಈ ಹೋಲಿಕೆ ರಕ್ತಸಂಬಂಧದ್ದಲ್ಲ, ಒಂದೇ ಬಗೆಯ ಬದುಕು ಎರಡು ಖಂಡಗಳಲ್ಲಿ ಬೇರೆಬೇರೆಯಾಗಿ ರೂಪಿಸಿದ ಒಮ್ಮುಖ ವಿಕಾಸದ ಫಲ ಎಂಬ ಅಭಿಪ್ರಾಯ ಬಲಗೊಂಡಿತು. 1989ರಲ್ಲಿ ವಸ್ತುಸಂಗ್ರಹಾಲಯಗಳ ಮಾದರಿಗಳಿಂದ ಪಡೆದ ಥೈಲಸೀನ್ ಡಿಎನ್‌ಎ, ಅದರ ನಿಜವಾದ ನೆಂಟರು ಆಸ್ಟ್ರೇಲಿಯದ ಮಾಂಸಾಹಾರಿ ಮಾರ್ಸುಪಿಯಲ್‌ಗಳೇ ಎಂದು ತೋರಿಸಿದ ಮೇಲೆ ಆ ಹಳೆಯ ನಂಟಿಗೆ ಆಧಾರ ಉಳಿಯಲಿಲ್ಲ.

ಹಾಗಾದರೆ ಜರಾಯು ಮಾಂಸಾಹಾರಿಗಳಲ್ಲವೆಂದು ಹೇಗೆ ತಿಳಿಯುತ್ತದೆ ಎಂದರೆ, ಅದಕ್ಕೆ ಹಲ್ಲುಗಳೇ ಸಾಕ್ಷಿ. ನಾಯಿ, ಬೆಕ್ಕುಗಳಲ್ಲಿ ಮಾಂಸ ಕತ್ತರಿಸುವ ಮುಖ್ಯ ಕೆಲಸವು ಮೇಲಿನ ಕಡೆಯ ಮುಂದವಡೆ ಹಲ್ಲು ಮತ್ತು ಕೆಳಗಿನ ಮೊದಲ ದವಡೆಹಲ್ಲು, ಈ ಒಂದು ಜೋಡಿಗೆ ಸೇರಿದ್ದು. ಸ್ಪರಾಸೊಡಾಂಟಗಳಲ್ಲಾದರೋ ಮೆಟಥೀರಿಯಗಳಿಗೆ ಸಹಜವಾದಂತೆ ಮೂರು ಮುಂದವಡೆ ಹಲ್ಲುಗಳೂ ನಾಲ್ಕು ದವಡೆಹಲ್ಲುಗಳೂ ಇದ್ದು, ಕತ್ತರಿಸುವ ಕೆಲಸ ಈ ದವಡೆಹಲ್ಲುಗಳ ಸಾಲಿನಲ್ಲೇ ಹಂಚಿಹೋಗಿದೆ. ಹಾಲುಹಲ್ಲು ಬಿದ್ದು ಹೊಸದು ಬರುವುದೂ ಮೂರನೆಯ ಮುಂದವಡೆ ಹಲ್ಲಿನ ಜಾಗದಲ್ಲಿ ಮಾತ್ರ. ಹೊರಗಿನ ಆಕಾರ ಮೋಸ ಮಾಡಬಹುದು, ಆದರೆ ಹಲ್ಲಿನ ಲೆಕ್ಕ ಅಷ್ಟು ಸುಲಭವಾಗಿ ಮೋಸ ಮಾಡುವುದಿಲ್ಲ.

ಗಣದೊಳಗೆ ನರಿ, ಮಾರ್ಟೆನ್‌ಗಳಂಥ ಸಣ್ಣ ದೇಹದ ಹಥ್ಲಿಯಸಿನಿಡೆ, ಬಲಿಷ್ಠ ದವಡೆಯ ಬೋರ್ಹಿಯೆನಿಡೆ, ಇನ್ನೂ ದೊಡ್ಡವಾದ ಪ್ರೊಬೋರ್ಹಿಯೆನಿಡೆ ಎಂಬ ಕುಟುಂಬಗಳಿವೆ. ಗಣದಲ್ಲಿ ನನ್ನ ಮನಸ್ಸನ್ನು ಹೆಚ್ಚು ಸೆಳೆಯುವುದು ಕತ್ತಿಯಂಥ ಕೋರೆಹಲ್ಲಿನ ಥೈಲಕೊಸ್ಮೈಲಸ್. ಷಿಕಾಗೊದ ಫೀಲ್ಡ್ ಮ್ಯೂಸಿಯಂನ ಎಲ್ಮರ್ ರಿಗ್ಸ್ ಅರ್ಜೆಂಟೀನಾದ ಕಟಮಾರ್ಕಾದಲ್ಲಿ ದೊರೆತ ಅವಶೇಷಗಳಿಂದ 1933ರಲ್ಲಿ ಇದಕ್ಕೆ ಹೆಸರಿಟ್ಟರು. ಅದರ ಮೇಲಿನ ಕೋರೆಹಲ್ಲುಗಳು ಬದುಕಿನುದ್ದಕ್ಕೂ ಬೆಳೆಯುತ್ತಿದ್ದವು. ಬೇರುಗಳು ಕಣ್ಣಿನ ಗೂಡಿನ ಮೇಲಿಂದ ಹಾದು ತಲೆಬುರುಡೆಯೊಳಗೆ ಬಹಳ ಹಿಂದಕ್ಕೆ ಚಾಚಿದ್ದವು. ಕೆಳದವಡೆಯ ಮುಂಭಾಗ ಕೆಳಗೆ ಇಳಿದು ಆ ಕೋರೆಗಳಿಗೆ ಒರೆಯಂತೆ ಆಸರೆಯಾಗಿತ್ತು. ಕೋರೆಗಳ ಬೇರುಗಳಿಂದಾಗಿ ಕಣ್ಣಿನ ಗೂಡುಗಳು ಪಕ್ಕಕ್ಕೆ ಸರಿದಿರುವುದನ್ನು ಇತ್ತೀಚಿನ ಅಧ್ಯಯನಗಳು ವಿವರವಾಗಿ ಪರಿಶೀಲಿಸಿವೆ. 2020ರ ಒಂದು ಅಧ್ಯಯನವಂತೂ ಇದು ಕತ್ತಿಹಲ್ಲಿನ ಬೆಕ್ಕಾದ ಸ್ಮೈಲೊಡಾನ್‌ನಂತೆ ಬೇಟೆಯಾಡುತ್ತಿರಲಿಲ್ಲ, ಸತ್ತ ಪ್ರಾಣಿಗಳ ಮೃದುಭಾಗಗಳನ್ನು ತಿನ್ನುತ್ತಿದ್ದಿರಬಹುದು ಎಂದು ವಾದಿಸಿದೆ. ಆದ್ದರಿಂದ ಇದನ್ನು ಹೊಟ್ಟೆಚೀಲದ ಕತ್ತಿಹಲ್ಲಿನ ಹುಲಿ ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಅದು ಹುಲಿಯಲ್ಲ, ಕಟ್ಟುನಿಟ್ಟಾದ ಅರ್ಥದಲ್ಲಿ ಮಾರ್ಸುಪಿಯಲ್ಲೂ ಅಲ್ಲ.

ಗಣದ ಬುಡ ಎಲ್ಲಿದೆ ಎಂಬುದು ಇನ್ನೂ ಚರ್ಚೆಯಲ್ಲಿರುವ ಪ್ರಶ್ನೆ. ಬೊಲಿವಿಯದ ಟಿಯುಪಾಂಪದಲ್ಲಿ ಸಿಕ್ಕ, 6 ಕೋಟಿ ವರ್ಷಗಳಿಗೂ ಹಳೆಯದಾದ ಮಯುಲೆಸ್ಟೆಸ್ ಮತ್ತು ಆಲ್ಕೊಕಿರಸ್‌ಗಳನ್ನು ಕೆಲವರು ಈ ಗಣದ ಮೊದಲ ಸದಸ್ಯರೆಂದು ಎಣಿಸಿದರೆ ಮತ್ತೆ ಕೆಲವರು ಹೊರಗಿನ ಬಂಧುಗಳೆಂದು ಎಣಿಸುತ್ತಾರೆ.

ಇನ್ನು ಅಳಿವಿನ ಪ್ರಶ್ನೆ. ಈ ಗಣದ ಕಡೆಯ ಸದಸ್ಯರು ಸುಮಾರು 30 ಲಕ್ಷ ವರ್ಷಗಳ ಹಿಂದೆ ಕಣ್ಮರೆಯಾದವು. ಕತ್ತಿಹಲ್ಲಿನ ಬೆಕ್ಕುಗಳ ಪಳೆಯುಳಿಕೆಗಳು ದಕ್ಷಿಣ ಅಮೆರಿಕದಲ್ಲಿ ಸಿಗುವುದು ಅದಕ್ಕಿಂತ ಈಚಿನ ಪದರಗಳಲ್ಲಿ. ಎದುರಾಗದ ಪ್ರಾಣಿ ಸ್ಪರ್ಧಿಯಾಗಲಾರದು. ಹಾಗಾಗಿ ಥೈಲಕೊಸ್ಮೈಲಸ್ ಅನ್ನು ಸ್ಮೈಲೊಡಾನ್ ಹಿಂದಿಕ್ಕಿ ಅಳಿಸಿತು ಎಂಬ ಪ್ರಚಲಿತ ವಿವರಣೆಯನ್ನು ನಾನು ಒಪ್ಪುವುದಿಲ್ಲ.