ಮೊಬೈಲಿಗೆ ಮಳೆ ಗೊತ್ತು, ಏರಿ ಗೊತ್ತಾ?

"ಕೆರೆ ಕಾಯೋ ನೀರುಗಂಟಿಗಳ ಕಾಲ ಮುಗೀತು ಸಾರ್. ಮಳೆ ಮುನ್ಸೂಚನೆ ಈಗ ಮೊಬೈಲಿಗೇ ಬರುತ್ತೆ. ಅಷ್ಟಕ್ಕೂ ನಮ್ಮಂಥ ಬರದ ಜಿಲ್ಲೆಯಲ್ಲಿ ನೆರೆ ಮಾತು ಯಾಕೆ?" – ಓದುಗರೊಬ್ಬರು, ಮುಳಬಾಗಿಲು, ಕೋಲಾರ ಜಿಲ್ಲೆ

ಕಾಗದ ಚುರುಕಾಗಿದೆ, ಖುಷಿಯಾಯಿತು. ಮುನ್ಸೂಚನೆ ಬೇಕು, ಒಪ್ಪಿದೆ. ಆದರೆ ಮೊಬೈಲು ಮಳೆ ಬರುತ್ತೆ ಅಂತ ಹೇಳುತ್ತದೆ. ಕೆರೆ ಏರಿ ತಡೆಯುತ್ತಾ ಅಂತ ಯಾರು ಹೇಳಬೇಕು?

2021ರ ನವೆಂಬರ್ ನೆನಪಿದೆ ಅಲ್ವಾ? ವರ್ಷಾನುಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಬಿದ್ದವು. ನಾವು ಬಾಗಿನ ಕೊಟ್ಟೆವು, ಸೆಲ್ಫಿ ತೆಗೆದೆವು. ಬರದ ಜಿಲ್ಲೆಗೇ ಸ್ವಾಮಿ ಏರಿ ಒಡೆಯುವ ಭಯ ಜಾಸ್ತಿ. ಒಣಗಿದ ಏರಿ ಬಿರುಕು ಬಿಟ್ಟಿರುತ್ತದೆ. ಮೇಲೆ ಜಾಲಿ ಬೆಳೆದಿರುತ್ತದೆ. ಕೋಡಿ ಕಾಲುವೆಯಲ್ಲಿ ಸೈಟು ಎದ್ದಿರುತ್ತದೆ. ಈಗ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನಿಂದ ಶುದ್ಧೀಕರಿಸಿ ಕಳಿಸುವ ಕೊಳಚೆ ನೀರು ಬಂದು ಹಲವು ಕೆರೆಗಳಲ್ಲಿ ಮಳೆಗೆ ಜಾಗವೂ ಕಡಿಮೆ. ನಮ್ಮ ಕೆರೆಗಳೋ ಒಂದರ ಕೆಳಗೊಂದು. ಮೇಲಿನದು ಒಡೆದರೆ ಕೆಳಗಿನದಕ್ಕೂ ಕುತ್ತು.

ಆ ಮಳೆಯಲ್ಲಿ ಹಿರಿಯ ನೀರುಗಂಟಿಯೊಬ್ಬರ ಜೊತೆ ಏರಿಯ ಹಿಂಬದಿ ನಡೆದಿದ್ದೆ. ಒಂದು ಕಡೆ ನೀರು ಜಿನುಗುತ್ತಿತ್ತು. ಅಂಗೈಯಲ್ಲಿ ಹಿಡಿದು ನೋಡಿದರು. "ತಿಳಿಯಾಗೈತೆ, ಇರ್ಲಿ. ಕೆಂಪಗೆ ಬಂದ್ರೆ ಏರಿ ಮಣ್ಣು ಕೊಚ್ಕಂಡು ಬರ್ತೈತೆ ಅಂತ. ಆವಾಗ ಕೆಳಗಿನ ಊರಿಗೆ ಹೇಳಿಕಳಿಸ್ಬೇಕು." ಆಮೇಲೆ ಕೋಲಿನಿಂದ ಹುಲ್ಲು ಸರಿಸಿ ಏಡಿ ಬಿಲ, ಇಲಿ ಬಿಲ ಹುಡುಕುತ್ತಾ ಹೋದರು. ಇದು ಇಂಜಿನಿಯರಿಗೂ ಗೊತ್ತಿರುವ ವಿಷಯವೇ. ಆದರೆ ನಡುರಾತ್ರಿ ಏರಿ ಮೇಲೆ ಇರುವವರು ಯಾರು?

ಹಿಂದೆ ಅಚ್ಚುಕಟ್ಟಿನ ರೈತರು ಸುಗ್ಗಿ ಕಣದಲ್ಲಿ ಇವರಿಗೆ ಕಾಳು ಅಳೆದು ಕೊಡುತ್ತಿದ್ದರು. ಬಹಳ ಕಡೆ ಈ ಕೆಲಸ ದಲಿತ ಮನೆಗಳದ್ದು. ಕಾವಲು ಅವರದು, ಯಜಮಾನಿಕೆ ಬೇರೆಯವರದು. ಅದು ವಾಪಸ್ ಬರಲಿ ಅನ್ನುತ್ತಿಲ್ಲ. ಪಂಚಾಯಿತಿ ಸಂಬಳ ಕೊಡಲಿ, ಸಭೆಯಲ್ಲಿ ಕುರ್ಚಿ ಹಾಕಲಿ ಅನ್ನುತ್ತಿದ್ದೇನೆ.

ಕುರ್ಚಿ ಅಂದಾಗ ಇನ್ನೊಂದು ಸಂಕಟ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಸ್ಥಳೀಯ ಸಂಸ್ಥೆಯ ಚುನಾಯಿತ ಪ್ರತಿನಿಧಿ ಸಹ ಅಧ್ಯಕ್ಷರು. ನಮ್ಮಲ್ಲಿ ಜಿಲ್ಲಾ ಪಂಚಾಯಿತಿ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ! ಗೆದ್ದು ಬರಬೇಕಾದವರ ಕುರ್ಚಿಯೇ ಖಾಲಿ ಬಿದ್ದ ಕಡೆ ನೀರುಗಂಟಿಯನ್ನು ಯಾರು ಕರೆಯುತ್ತಾರೆ?

ನೀವು ಜಾಣರು, ಸುಮ್ನೆ ಕೂರಬೇಡಿ. ನಿಮ್ಮೂರ ಕೆರೆಯ ತೂಬು ಎತ್ತುವುದು ಯಾರಿಗೆ ಗೊತ್ತು, ಕೋಡಿ ನೀರು ಯಾರ ಸೈಟಿನ ಮೇಲೆ ಹರಿಯುತ್ತದೆ, ವಿಚಾರಿಸಿ ಬರೆಯಿರಿ. ಸರ್ವೆ ನಂಬರ್ ಸಮೇತ ಹಾಕುತ್ತೇವೆ.

– ಸಂಪಾದಕ