ಮಗುವಿನ ಮೊದಲ 12 ಗಂಟೆ

ಓದುಗರ ಪತ್ರ: ಹೆಂಡತಿಗೆ ಈಗ ಐದು ತಿಂಗಳು. ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಪಾಸಿಟಿವ್ ಬಂದಿದೆ. ನನ್ನದು ನೆಗೆಟಿವ್. ಅವಳಿಗೆ ಇದು ಎಲ್ಲಿಂದ ಬಂತು? ಸಿಸೇರಿಯನ್ ಮಾಡಿಸಬೇಕೆ? ಎದೆಹಾಲು ಕೊಡಬಹುದೆ?

ಸಂಪಾದಕರ ಉತ್ತರ: ಮೊದಲ ಪ್ರಶ್ನೆ ದಯವಿಟ್ಟು ಅನುಮಾನಕ್ಕೆ ತಿರುಗದಿರಲಿ. ದೊಡ್ಡವರಾದ ಮೇಲೆ ತಗುಲಿದರೆ ಈ ವೈರಸ್ ಶಾಶ್ವತವಾಗಿ ನೆಲೆಸುವುದು ನೂರರಲ್ಲಿ 5 ಜನರಿಗೂ ಇಲ್ಲ. ಹುಟ್ಟುವಾಗ ತಗುಲಿದರೆ ನೂರರಲ್ಲಿ ಸುಮಾರು 90 ಮಕ್ಕಳಲ್ಲಿ ಉಳಿದುಬಿಡುತ್ತದೆ, ಎಷ್ಟೋ ವರ್ಷ ಯಾವ ಲಕ್ಷಣವನ್ನೂ ತೋರಿಸದೆ. ನಿಮ್ಮ ಹೆಂಡತಿಗೂ ಅವರ ತಾಯಿಯಿಂದಲೇ ಬಂದಿರಬಹುದು. ತಾಯಿ, ಒಡಹುಟ್ಟಿದವರು ಪರೀಕ್ಷೆ ಮಾಡಿಸಿಕೊಳ್ಳಲಿ.

ಈಗಲೇ ಆಗಬೇಕಾದದ್ದು ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಮತ್ತು ಎಎಲ್‌ಟಿ (ಯಕೃತ್ತಿನ ಸ್ಥಿತಿ ತಿಳಿಸುವ) ಪರೀಕ್ಷೆ. ವೈರಸ್ ಪ್ರಮಾಣ ಮಿಲಿಲೀಟರಿಗೆ 2,00,000 ಐಯು ಅಥವಾ ಹೆಚ್ಚಿದ್ದರೆ ಲಸಿಕೆ ಹಾಕಿದರೂ ಕೆಲವು ಮಕ್ಕಳಿಗೆ ಸೋಂಕು ದಾಟುತ್ತದೆ. ಅದಕ್ಕೇ ವೈದ್ಯರು ತಡವೆಂದರೂ 28ನೇ ವಾರಕ್ಕೆ ದಿನಕ್ಕೆ 300 ಮಿಗ್ರಾಂ ಟೆನೊಫೊವಿರ್ ಎಂಬ ವೈರಸ್ ತಗ್ಗಿಸುವ ಮಾತ್ರೆ ಶುರುಮಾಡುತ್ತಾರೆ. ಅದಕ್ಕೂ ಮೊದಲು ಎಚ್‌ಐವಿ ಮತ್ತು ಮೂತ್ರಪಿಂಡದ ಪರೀಕ್ಷೆ ಆಗಿರಬೇಕು. ಹೆರಿಗೆಯಾಯಿತೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಯಕೃತ್ತು ಏಕಾಏಕಿ ಉರಿಯೂತಕ್ಕೆ ಬೀಳಬಹುದು.

ಸಿಸೇರಿಯನ್ ಈ ಕಾರಣಕ್ಕೆ ಬೇಡ. ಕೆಲಸ ಕೆಡುವುದು ಬೇರೆ ಕಡೆ. ಹುಟ್ಟಿದ 12 ಗಂಟೆಯೊಳಗೆ ಮಗುವಿನ ಒಂದು ತೊಡೆಗೆ ಲಸಿಕೆ, ಇನ್ನೊಂದಕ್ಕೆ ಹೆಪಟೈಟಿಸ್ ಬಿ ಇಮ್ಯುನೊಗ್ಲಾಬ್ಯುಲಿನ್ (ವೈರಸ್ ವಿರುದ್ಧದ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೀಳಬೇಕು. ಎರಡನೆಯದು ಎಲ್ಲ ಆಸ್ಪತ್ರೆಗಳಲ್ಲೂ ಸಿದ್ಧವಿರುವುದಿಲ್ಲ. ನಡುರಾತ್ರಿ ನೋವು ಶುರುವಾದ ಮೇಲೆ ಹುಡುಕಿದರೆ ಹೊತ್ತು ಮೀರುತ್ತದೆ. ಎಂಟನೇ ತಿಂಗಳಲ್ಲೇ ವಿಚಾರಿಸಿ ತರಿಸಿಡಿ. ವರದಿಯ ಪ್ರತಿ ಹೆರಿಗೆ ಕಡತದ ಮೊದಲ ಹಾಳೆಯಾಗಿರಲಿ. ಎರಡೂ ಔಷಧ 2ರಿಂದ 8 ಡಿಗ್ರಿಯಲ್ಲಿರಬೇಕು. ಹೆಪ್ಪುಗಟ್ಟಿದ ಲಸಿಕೆ ಕೆಟ್ಟಂತೆಯೇ, ಕರಗಿಸಿ ಹಾಕಿಸಬಾರದು. ಇಮ್ಯುನೊಗ್ಲಾಬ್ಯುಲಿನ್ ಸಿಗದೇ ಹೋದರೂ ಲಸಿಕೆಯನ್ನು ತಡಮಾಡಬೇಡಿ. ಮಗು 2 ಕಿಲೋಗಿಂತ ಕಡಿಮೆಯಿದ್ದರೆ ಹುಟ್ಟಿದಾಗಿನ ಡೋಸನ್ನು ಲೆಕ್ಕಕ್ಕೆ ಹಿಡಿಯದೆ ಮುಂದೆ ಮೂರು ಡೋಸ್ ಕೊಡಿಸಬೇಕು.

ಎದೆಹಾಲು ಧಾರಾಳವಾಗಿ ಕೊಡಲಿ. ಮೊಲೆತೊಟ್ಟು ಬಿರಿದು ರಕ್ತ ಬಂದರೆ ಮಾತ್ರ ಗಾಯ ಆರುವವರೆಗೆ ಆ ಕಡೆ ಕುಡಿಸುವುದು ಬೇಡ.

ಇನ್ನು ನಿಮ್ಮ ವಿಷಯ. ನೆಗೆಟಿವ್ ಎಂದರೆ ನಿಮಗೆ ರಕ್ಷಣೆ ಇದೆ ಎಂದಲ್ಲ. ರಕ್ಷಣೆ ಕೊಡುವ ಪ್ರತಿಕಾಯ ಇದೆಯೇ ಎಂದು ತಿಳಿಸುವ ಆಂಟಿ-ಎಚ್‌ಬಿಎಸ್ ಪರೀಕ್ಷೆ ಮಾಡಿಸಿ. ರಕ್ಷಣೆ ಇಲ್ಲದಿದ್ದರೆ ಇಂದು, ಒಂದು ತಿಂಗಳಿಗೆ, ಆರು ತಿಂಗಳಿಗೆ ಹೀಗೆ ಮೂರು ಡೋಸ್. ಅಲ್ಲಿಯವರೆಗೆ ಕಾಂಡೋಮ್ ಬಳಸಿ. ರೇಜರ್, ಹಲ್ಲುಜ್ಜುವ ಬ್ರಷ್ ಬೇರೆಬೇರೆ ಇರಲಿ, ಒಣಗಿದ ರಕ್ತದಲ್ಲೂ ವೈರಸ್ 7 ದಿನ ಬದುಕುತ್ತದೆ. ತಟ್ಟೆ ಲೋಟ ಬೇರೆ ಮಾಡುವ ಅಗತ್ಯವಿಲ್ಲ, ಹಾಗೆ ಮಾಡಿ ಅವರನ್ನು ನೋಯಿಸಬೇಡಿ.

ಮಗುವಿನ ಪರೀಕ್ಷೆ 9ರಿಂದ 12 ತಿಂಗಳ ನಡುವೆ. ಅದಕ್ಕೂ ಮೊದಲು ಮಾಡಿಸಿದರೆ ಇಮ್ಯುನೊಗ್ಲಾಬ್ಯುಲಿನ್‌ನಿಂದ ಬಂದ ಪ್ರತಿಕಾಯವೇ ಕಾಣಿಸಿ ಲಸಿಕೆ ಫಲಿಸಿತೆಂಬ ಭ್ರಮೆ ಹುಟ್ಟುತ್ತದೆ. ಎಚ್‌ಬಿಎಸ್‌ಎಜಿ (ಸೋಂಕು ಇದೆಯೇ ಎಂದು ತಿಳಿಸುವ ಪರೀಕ್ಷೆ) ನೆಗೆಟಿವ್ ಇದ್ದು ಪ್ರತಿಕಾಯ ಮಿಲಿಲೀಟರಿಗೆ 10 ಮಿಲಿ-ಐಯುಗಿಂತ ಕಡಿಮೆ ಬಂದರೆ ಲಸಿಕೆ ಮತ್ತೆ ಕೊಡಿಸಬೇಕಾಗುತ್ತದೆ.